ಈ ಮನೆಯಲ್ಲಿ ಯಜಮಾನ ಯಾರು?

ಓದಿನ ಮೂಲೆ | 1/4

ಹೋದ ತಿಂಗಳು ಮಗಳು ಶಾಲೆಯ ಸ್ಪರ್ಧೆಗೆ ‘ನನ್ನ ಮನೆ’ ಅಂತ ಒಂದು ಪ್ರಬಂಧ ಬರೆದಿದ್ದಳು. “ಓದಿ ನೋಡಮ್ಮ” ಅಂತ ನನ್ನ ಕೈಗೆ ಕೊಟ್ಟಳು. ನಾನು ಪೆನ್ನು ತಗೊಂಡು ಎರಡು ಸಾಲು ಹೊಡೆದು ಹಾಕಿದೆ. “ಮನೆ ವಿಷಯ ಎಲ್ಲಾ ಬರೀಬಾರದು ಪುಟ್ಟಾ” ಅಂದೆ. ಅವಳು ಏನೂ ಅನ್ನಲಿಲ್ಲ. ಹಾಳೆ ಮಡಚಿ ಬ್ಯಾಗಿಗೆ ಹಾಕ್ಕೊಂಡಳು.

ಆ ಎರಡು ಸಾಲು ಏನು ಅಂತ ಕೊನೇ ಭಾಗದಲ್ಲಿ ಹೇಳ್ತೀನಿ. ಮೊದಲು ಫೋಟೊದಲ್ಲಿರೋ ಮೂರು ಕಾದಂಬರಿಗಳ ವಿಷಯ. ಮೂರನ್ನೂ ಬರೆದವರು ಡೊಮಿನಿಕನ್ ಮೂಲದ ಅಮೆರಿಕನ್ ಲೇಖಕರು.

ಕೆರಿಬಿಯನ್ ಸಮುದ್ರದಲ್ಲಿ ಒಂದು ದ್ವೀಪ, ಅದರಲ್ಲಿ ಎರಡು ದೇಶ. ಪಶ್ಚಿಮಕ್ಕೆ ಹೈಟಿ, ಪೂರ್ವಕ್ಕೆ ಡೊಮಿನಿಕನ್ ರಿಪಬ್ಲಿಕ್. 1930ರಿಂದ 1961ರವರೆಗೆ ಡೊಮಿನಿಕನ್ ರಿಪಬ್ಲಿಕ್ ಇದ್ದದ್ದು ರಫಾಯೆಲ್ ಟ್ರುಹಿಯೋ ಎಂಬ ಸರ್ವಾಧಿಕಾರಿಯ ಮುಷ್ಟಿಯಲ್ಲಿ. ಅಮೆರಿಕದ ಸೈನ್ಯ ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಕಟ್ಟಿದ ಪಡೆಯಲ್ಲೇ ತರಬೇತಿ ಪಡೆದು ಮೇಲೆ ಬಂದವನು ಅವನು. ರಾಜಧಾನಿಗೇ ತನ್ನ ಹೆಸರು ಇಟ್ಟುಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಜನರ ಮನೆಯೊಳಗೆ ಫಲಕ ತೂಗುಹಾಕಿಸಿದ: ‘ಈ ಮನೆಯಲ್ಲಿ ಟ್ರುಹಿಯೋನೇ ಹೆಫೆ.’

ಹೆಫೆ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಮುಖ್ಯಸ್ಥ. ಕನ್ನಡದಲ್ಲಿ ನನಗೆ ತಕ್ಷಣ ಹೊಳೆದ ಪದ ‘ಯಜಮಾನ’. ನಮ್ಮಜ್ಜಿ ಬದುಕಿರೋವರೆಗೂ ತಾತನ ಹೆಸರು ಹೇಳಲಿಲ್ಲ, ‘ಯಜಮಾನ್ರು’ ಅಂತಲೇ ಅಂತಿದ್ರು. ಅಂಗಡಿ ಮಾಲೀಕನಿಗೂ ಅದೇ ಪದ, ಗಂಡನಿಗೂ ಅದೇ ಪದ. ಚಿಕ್ಕವಳಿದ್ದಾಗ ಇದು ವಿಚಿತ್ರ ಅನ್ನಿಸಿರಲಿಲ್ಲ.

ಓದಿನ ಮೂಲೆ | 2/4

1961ರ ಮೇ 30ರ ರಾತ್ರಿ ಟ್ರುಹಿಯೋನನ್ನು ಗುಂಡಿಟ್ಟು ಕೊಂದರು. ಫಲಕಗಳು ಗೋಡೆಯಿಂದ ಇಳಿದವು. ಆದರೆ ಅವನು ಕೂತಿದ್ದ ಆ ಯಜಮಾನನ ಕುರ್ಚಿ ಏನಾಯ್ತು? ಈ ಕಾದಂಬರಿಗಳಲ್ಲೆಲ್ಲಾ ನನಗೆ ಕಂಡದ್ದು ಇದೊಂದೇ ಪ್ರಶ್ನೆ.

ಜೂಲಿಯಾ ಅಲ್ವಾರೆಜ್ ಅವರ ಕುಟುಂಬ ದೇಶ ಬಿಟ್ಟು ನ್ಯೂಯಾರ್ಕ್‌ಗೆ ಬಂದದ್ದು 1960ರಲ್ಲಿ. ಅವರಿಗಾಗ 10 ವರ್ಷ. ಅಪ್ಪ ಟ್ರುಹಿಯೋ ವಿರುದ್ಧದ ಗುಪ್ತ ಚಳವಳಿಯಲ್ಲಿದ್ದರು. 1991ರಲ್ಲಿ ಬಂದ ಅವರ ಮೊದಲ ಕಾದಂಬರಿ ‘ಹೌ ದ ಗಾರ್ಸಿಯಾ ಗರ್ಲ್ಸ್ ಲಾಸ್ಟ್ ದೆರ್ ಆಕ್ಸೆಂಟ್ಸ್’ ಅಂಥದ್ದೇ ಒಂದು ಮನೆಯ ನಾಲ್ಕು ಹೆಣ್ಣುಮಕ್ಕಳ ಕಥೆ.

ಅದರಲ್ಲಿ ಒಂದು ಪ್ರಸಂಗ ಇದೆ. ಹೈಸ್ಕೂಲ್ ಹುಡುಗಿ ಯೋಲಾಂದಾ ಶಾಲೆಯಲ್ಲಿ ಮಾಡಬೇಕಾದ ಭಾಷಣ ಬರೆದು ಮನೆಯಲ್ಲಿ ಓದುತ್ತಾಳೆ. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಅಪ್ಪ ಕೆಂಡಾಮಂಡಲ. ದೊಡ್ಡವರಿಗೆ ಮರ್ಯಾದೆ ಇಲ್ಲದ ಮಾತು ಇದು ಅಂತ ಹಾಳೆಗಳನ್ನು ಹರಿದು ಚೂರು ಮಾಡ್ತಾನೆ. ಮಗಳು ಸಿಟ್ಟಿನಲ್ಲಿ ಅಪ್ಪನನ್ನು ಒಂದು ಹೆಸರಿಂದ ಕರೀತಾಳೆ: ಚಾಪಿತಾ. ಟ್ರುಹಿಯೋನ ಅಡ್ಡಹೆಸರು ಅದು.

ನಿಮಗೆ ಅರ್ಥ ಆಗ್ತಿದೆಯಾ, ಆ ಅಪ್ಪನಿಗೆ ಹೇಗಾಗಿರಬೇಕು? ಯಾರ ಭಯಕ್ಕೆ ಊರು, ಮನೆ, ಕೆಲಸ ಎಲ್ಲಾ ಬಿಟ್ಟು ಓಡಿ ಬಂದನೋ, ಅವನ ಹೆಸರನ್ನೇ ಮಗಳು ತನ್ನ ಹಣೆಗೆ ಅಂಟಿಸಿದಳು. ಅವನು ಕೆಟ್ಟವನಲ್ಲ. ಹೆದರಿದವನು. ಬಾಯಿ ಬಿಟ್ಟರೆ ಜೀವ ಹೋಗುತ್ತೆ ಅನ್ನೋ ದೇಶದಲ್ಲಿ ಬೆಳೆದವನು. ಆದರೆ ಅವನ ಭಯ ಮಗಳ ಹತ್ತಿರ ಬರುವಾಗ ಯಜಮಾನಿಕೆಯ ವೇಷ ಹಾಕಿಕೊಂಡು ಬರುತ್ತೆ.

ಆಮೇಲೆ ಅಪ್ಪ ಮಗಳಿಗೊಂದು ಟೈಪ್‌ರೈಟರ್ ತಂದು ಕೊಡ್ತಾನೆ. ಹರಿದ ಹಾಳೆ ಮಾತ್ರ ಮತ್ತೆ ಕೂಡಲ್ಲ.

ಓದಿನ ಮೂಲೆ | 3/4

ಆ ಕುರ್ಚಿಯಲ್ಲಿ ಗಂಡಸರು ಮಾತ್ರ ಕೂರ್ತಾರೆ ಅಂದುಕೊಂಡ್ರೆ ಎರಡನೇ ಪುಸ್ತಕ ನಿಮ್ಮನ್ನು ತಡೆದು ನಿಲ್ಲಿಸುತ್ತೆ.

ಜುನೋ ಡಿಯಾಸ್ ಅವರ ‘ದ ಬ್ರೀಫ್ ವಂಡ್ರಸ್ ಲೈಫ್ ಆಫ್ ಆಸ್ಕರ್ ವಾವ್’ 2007ರದ್ದು, ಮರುವರ್ಷ ಪುಲಿಟ್ಜರ್ ಬಂತು. ಅದರಲ್ಲಿ ಬೇಲಿ ಅಂತ ಒಬ್ಬ ತಾಯಿ. ಅವಳ ತಂದೆ ಡಾಕ್ಟರ್. ಟ್ರುಹಿಯೋನ ಕಣ್ಣಿಗೆ ಬೀಳಬಾರದು ಅಂತ ದೊಡ್ಡ ಮಗಳನ್ನು ಬಚ್ಚಿಟ್ಟ, ಜೈಲು ಸೇರಿದ, ಸಂಸಾರವೇ ಅಳಿಸಿಹೋಯ್ತು. ಕಪ್ಪು ಬಣ್ಣದ ಅನಾಥ ಕೂಸು ಬೇಲಿ ಬೇರೆಯವರ ಮನೆ ಚಾಕರಿಗೆ ಬಿದ್ದಳು. ಶಾಲೆಗೆ ಹೋಗಬೇಕು ಅಂದಿದ್ದಕ್ಕೆ ಬೆನ್ನಿನ ಮೇಲೆ ಕಾದ ಎಣ್ಣೆ. ಹರೆಯದಲ್ಲಿ ಪ್ರೀತಿಸಿದ ತಪ್ಪಿಗೆ ಕಬ್ಬಿನ ಗದ್ದೆಯಲ್ಲಿ ಸಾಯೋ ಹಾಗೆ ಹೊಡೆತ. ಕೊನೆಗೆ ಅಮೆರಿಕದ ನ್ಯೂಜೆರ್ಸಿ.

ಇಂಥವಳು ಮಗಳನ್ನು ಎದೆಗೊತ್ತಿಕೊಂಡು ಸಾಕುತ್ತಾಳೆ ಅಂತ ತಾನೇ ನಾವು ಅಂದ್ಕೊಳ್ಳೋದು? ಬೇಲಿ ಮಗಳು ಲೋಲಾಳನ್ನು ಹೊಡೀತಾಳೆ, ಬೈತಾಳೆ, ಅವಳ ರೂಪ ಹೀಯಾಳಿಸ್ತಾಳೆ. ತಾನು ತಿಂದದ್ದನ್ನೇ ಮಗಳಿಗೂ ಬಡಿಸ್ತಾಳೆ. ಮಗ ಆಸ್ಕರ್ ಬೇರೆ ಥರ ಪೆಟ್ಟು ತಿಂದವನು. ದಪ್ಪ ದೇಹ, ಪುಸ್ತಕದ ಹುಳು, ಹುಡುಗಿಯರ ಮುಂದೆ ಬಾಯಿ ಬರಲ್ಲ. ‘ನೀನೆಂಥ ಡೊಮಿನಿಕನ್ ಗಂಡಸೋ’ ಅನ್ನೋ ಹಂಗಿಸುವಿಕೆಯಲ್ಲೇ ಬೆಳೆಯುತ್ತಾನೆ. ಕಥೆ ಹೇಳೋ ಯೂನಿಯರ್ ಅದೇ ‘ಗಂಡಸುತನ’ದಲ್ಲಿ ಪಳಗಿದವನು, ಲೋಲಾಗೇ ಮೋಸ ಮಾಡಿದವನು. ಹಾಗಾಗಿ ಇದನ್ನು ಓದುವಾಗ ಹೇಳುವವನ ಮೇಲೂ ಒಂದು ಕಣ್ಣಿಡಿ.

ಮೂರನೆಯದು ಆಂಜೀ ಕ್ರೂಸ್ ಅವರ ‘ಡೊಮಿನಿಕಾನಾ’, 2019. ಅವರ ತಾಯಿಯ ಬದುಕಿನಿಂದಲೇ ಹುಟ್ಟಿದ ಕಥೆ. 15 ವರ್ಷದ ಆನಾಳನ್ನು ಎರಡು ಪಟ್ಟು ವಯಸ್ಸಿನ ಹುವಾನ್‌ಗೆ ಕೊಟ್ಟು ನ್ಯೂಯಾರ್ಕ್‌ನ ವಾಷಿಂಗ್ಟನ್ ಹೈಟ್ಸ್‌ಗೆ ಕಳಿಸ್ತಾರೆ. ಒಬ್ಬಳು ಹೋದರೆ ಹಿಂದೆಯೇ ಇಡೀ ಮನೆ ಹೋಗಬಹುದು ಅನ್ನೋ ಲೆಕ್ಕ ತಾಯಿಯದ್ದು. ಗಂಡ ಹೊಡೀತಾನೆ. ಊರಿಂದ ಅಮ್ಮ ದುಡ್ಡು ಕಳಿಸು ಅಂತಾಳೆ. ಆನಾ ಒಂದು ಪಿಂಗಾಣಿ ಗೊಂಬೆಯ ಹೊಟ್ಟೆಯಲ್ಲಿ ಕಾಸು ಕೂಡಿಡ್ತಾಳೆ. ನಮ್ಮಜ್ಜಿಯ ಸಾಸಿವೆ ಡಬ್ಬಿ ನೆನಪಾಗದೆ ಇರುತ್ತಾ? 1965ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ದಂಗೆ ಎದ್ದು ಅಮೆರಿಕದ ಸೈನ್ಯ ಮತ್ತೆ ಅಲ್ಲಿಗೆ ಇಳಿದಾಗ ಗಂಡ ಆಸ್ತಿ ನೋಡ್ಕೊಳ್ಳೋಕೆ ಊರಿಗೆ ಹೋಗ್ತಾನೆ. ಆಗ ಆನಾ ಇಂಗ್ಲಿಷ್ ಕಲೀತಾಳೆ, ತಿಂಡಿ ಮಾಡಿ ಮಾರ್ತಾಳೆ, ನಗ್ತಾಳೆ. ಕುರ್ಚಿ ಖಾಲಿ ಇದ್ದ ಆ ಕೆಲವು ತಿಂಗಳೇ ಪುಸ್ತಕದ ಬೆಳಕು.

ಓದಿನ ಮೂಲೆ | 4/4

ನವೆಂಬರ್ 25ನ್ನು ಮಹಿಳೆಯರ ಮೇಲಿನ ಹಿಂಸೆ ತೊಡೆಯುವ ಅಂತರರಾಷ್ಟ್ರೀಯ ದಿನ ಅಂತ ಆಚರಿಸ್ತಾರೆ. ಆ ದಿನಾಂಕ ಬಂದದ್ದು ಇದೇ ದೇಶದಿಂದ. 1960ರ ನವೆಂಬರ್ 25ರಂದು ಪಾತ್ರಿಯಾ, ಮಿನೆರ್ವಾ, ಮರಿಯಾ ತೆರೆಸಾ ಎಂಬ ಮೂವರು ಮಿರಾಬಾಲ್ ಸಹೋದರಿಯರು ಜೈಲಿನಲ್ಲಿದ್ದ ಗಂಡಂದಿರನ್ನು ನೋಡಿಕೊಂಡು ವಾಪಸ್ ಬರ್ತಿದ್ದರು. ಟ್ರುಹಿಯೋನ ಜನ ಅವರನ್ನೂ ಅವರ ಡ್ರೈವರನ್ನೂ ಹೊಡೆದು ಕೊಂದು, ಜೀಪನ್ನು ಕಣಿವೆಗೆ ತಳ್ಳಿ ಅಪಘಾತ ಅಂದರು. ಉಳಿದ ಸಹೋದರಿ ದೇದೇ 2014ರವರೆಗೆ ಬದುಕಿ, ಕೇಳಲು ಬಂದವರಿಗೆಲ್ಲಾ ಆ ಕಥೆ ಹೇಳಿದರು. ಅಲ್ವಾರೆಜ್ 1994ರಲ್ಲಿ ಅದನ್ನೂ ಕಾದಂಬರಿ ಮಾಡಿದರು. ವಿಶ್ವಸಂಸ್ಥೆ 1999ರಲ್ಲಿ ಆ ದಿನವನ್ನು ಒಪ್ಪಿಕೊಂಡಿತು.

‘ಅಪಘಾತ’ ಅನ್ನೋ ಪದ ನೋಡಿ. ಸರ್ಕಾರಕ್ಕೆ ಮಾತ್ರ ಬೇಕಾದ ಪದ ಅಲ್ಲ ಅದು. ಬಾಗಿಲಿಗೆ ತಾಗಿತು, ಬಾತ್‌ರೂಮಲ್ಲಿ ಜಾರಿದೆ, ಅವರಿಗೆ ಆಫೀಸಿನ ಟೆನ್ಷನ್. ಪ್ರತಿ ಮನೆಗೂ ಒಂದೊಂದು ಇರುತ್ತೆ.

ಇದನ್ನೆಲ್ಲಾ ಓದಿ ‘ಡೊಮಿನಿಕನ್ ಗಂಡಸರೇ ಹಾಗೆ’ ಅಂತ ಪುಸ್ತಕ ಮುಚ್ಚಿದ್ರೆ ನಾವು ಓದಿದ್ದು ದಂಡ. ಈ ಲೇಖಕರು ತಮ್ಮವರನ್ನು ಬೈಯೋಕೆ ಬರೆದಿಲ್ಲ. ತಮ್ಮ ಮನೆಯ ಗೋಡೆಯ ಮೇಲೆ ಫಲಕ ತೆಗೆದ ಮೇಲೂ ಉಳಿದ ಕಲೆ ತೋರಿಸಿದ್ದಾರೆ, ಅಷ್ಟೇ.

ಈಗ ಆ ಎರಡು ಸಾಲು. ಮಗಳು ಬರೆದದ್ದು ಹೀಗಿತ್ತು: “ಅಪ್ಪನ ಧ್ವನಿ ಜೋರಾದರೆ ಅಮ್ಮ ಟಿವಿ ಸೌಂಡ್ ಜಾಸ್ತಿ ಮಾಡುತ್ತಾಳೆ. ಆಗ ನನಗೆ ಯಾವ ಕಾರ್ಯಕ್ರಮ ಅಂತ ಗೊತ್ತಾಗುವುದಿಲ್ಲ.”

ನಮ್ಮ ಮನೆಯಲ್ಲಿ ಯಾರೂ ಕೈ ಎತ್ತಲ್ಲ. ಅದನ್ನೇ ದೊಡ್ಡ ಪುಣ್ಯ ಅಂದುಕೊಂಡಿದ್ದೆ. ಆದರೆ ಮಗಳ ಹಾಳೆ ಮೇಲೆ ಗೀಟು ಎಳೆದದ್ದು ಅವಳಪ್ಪ ಅಲ್ಲ, ನಾನು.

ಮೊನ್ನೆ ಅವಳಿಗೊಂದು ಹೊಸ ನೋಟ್‌ಬುಕ್ ತಂದುಕೊಟ್ಟೆ. “ಏನು ಬೇಕಾದ್ರೂ ಬರಿ, ನಾನು ಹೊಡೆದು ಹಾಕಲ್ಲ” ಅಂದೆ. “ಅಪ್ಪ ಓದಿದ್ರೆ?” ಅಂತ ಕೇಳಿದಳು. ಉತ್ತರ ಕೊಡೋಕೆ ಒಂದು ದಿನ ತಗೊಂಡೆ. ಆಮೇಲೆ ಅವಳಪ್ಪನ ಮುಂದೆ ಕೂತು, ಟಿವಿ ಆಫ್ ಮಾಡಿ, ಆ ಎರಡು ಸಾಲು ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಜೋರಾಗಿಯೂ ಮಾತಾಡಲಿಲ್ಲ.

ನೋಟ್‌ಬುಕ್ ಇನ್ನೂ ಖಾಲಿ ಇದೆ. ಕಾಯ್ತಿದೀನಿ.

ನಿಮ್ಮ ಮನೆಯಲ್ಲಿ ಹೊಡೆದು ಹಾಕಿದ ಸಾಲು ಯಾವುದು? ಕಾಮೆಂಟ್‌ನಲ್ಲಿ ಬರೆಯೋಕಾಗದಿದ್ರೆ ಪರವಾಗಿಲ್ಲ. ಎಲ್ಲಾದರೂ ಒಂದು ಕಡೆ ಬರೆದಿಡಿ.

#ಓದಿನಮೂಲೆ #ಡೊಮಿನಿಕನ್‌ಕಾದಂಬರಿ #ಪುಸ್ತಕಪ್ರೀತಿ