ಮಂದಗಮನೆ

ನಮ್ಮ ಹಳೆಯ ಕವಿಗಳಿಗೆ ಮಂದಗಮನವೆಂದರೆ ಬಲು ಪ್ರೀತಿ. ಆನೆಯ ನಡೆ, ಹಂಸದ ನಡೆ, ಕಾವ್ಯದ ನಾಯಿಕೆಯ ನಡೆ, ಇವೆಲ್ಲ ನಿಧಾನವಾದಷ್ಟೂ ಅವರ ಕಣ್ಣಿಗೆ ಸೊಗಸು. ಆದರೆ ಮೋಟಾರುಕಾರಿನ ಕಿಟಕಿಯ ಗಾಜು ಮಂದಗಮನೆಯಾದರೆ ಅದನ್ನು ಹಾಡಿ ಹೊಗಳುವ ಕವಿ ಇನ್ನೂ ಹುಟ್ಟಿಲ್ಲ. ಹೊರಗೆ ಮಳೆ ಸುರಿಯುತ್ತಿರುವಾಗ ಗುಂಡಿಯನ್ನು ಒತ್ತಿ ಹಿಡಿದುಕೊಂಡು, ಗಾಜು ನರಳುತ್ತ, ನಿಂತು ನಿಂತು, ಅಂಗುಲ ಅಂಗುಲವಾಗಿ ಮೇಲೇರುವುದನ್ನು ಕಾದು ಕುಳಿತವರಿಗೆ ಮಾತ್ರ ಆ ಸಂಕಟ ತಿಳಿದೀತು.

ನನಗೆ ಅದು ತಿಳಿದದ್ದು ಅಮೆರಿಕದ ಓಹೈಯೋ ರಾಜ್ಯದ ಕೊಲಂಬಸ್ ನಗರದಲ್ಲಿ, ಮಗಳ ಮನೆಯಲ್ಲಿದ್ದಾಗ. ಅವಳ ಬಳಿ 1992ರ ಮಾದರಿಯ ಒಂದು ಮಾಜ್ದಾ ಮಿಯಾಟಾ ಕಾರಿದೆ. ಇಬ್ಬರಿಗಷ್ಟೇ ಆಸನ, ಮೇಲೆ ಮಡಿಚಿಡಬಹುದಾದ ಬಟ್ಟೆಯ ಚಾವಣಿ. ಜಪಾನಿನ ಹಿರೋಶಿಮಾದಲ್ಲಿ ತಯಾರಾಗುವ ಈ ಕಾರು ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ನಗರದ ಮೋಟಾರು ಪ್ರದರ್ಶನದಲ್ಲಿ. ಕುದುರೆಯೂ ಸವಾರನೂ ಒಂದೇ ದೇಹವಾಗಿರಬೇಕು ಎಂಬ ಅರ್ಥದ ಒಂದು ಜಪಾನಿ ನುಡಿ ಅದನ್ನು ರೂಪಿಸಿದವರ ಆದರ್ಶವಾಗಿತ್ತಂತೆ. ತೂಕ ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚಿಹೋಗಲೆಂದು ಬ್ಯಾಟರಿಯನ್ನು ಸಹ ಎಂಜಿನ್ನಿನ ಪಕ್ಕದಲ್ಲಿಡದೆ ಹಿಂದಿನ ಡಿಕ್ಕಿಯಲ್ಲಿ ಇಟ್ಟಿದ್ದಾರೆ. ಮಗಳು ತನ್ನ ಸಂಪಾದನೆಯಲ್ಲಿ ಮೊದಲು ಕೊಂಡ ವಸ್ತು ಇದು. ಅವರಿವರ ಕೈ ದಾಟಿ ಬಂದ ಹಳೆಯ ಗಾಡಿಯಾದರೂ ಅದರ ಮೇಲೆ ಅವಳಿಗೆ ಅಕ್ಕರೆ.

ಅಂಥದ್ದನ್ನು ಅವಳು ಮಾರಲು ಹೊರಟಿದ್ದಳು. ದುರಸ್ತಿಯ ಅಂಗಡಿಯೊಂದರಲ್ಲಿ, ಎರಡೂ ಕಿಟಕಿಗಳ ಮೋಟಾರುಗಳ ಆಯಸ್ಸು ಮುಗಿದಿದೆ, ಮೂವತ್ತು ವರ್ಷ ದಾಟಿದ ಕಾರಿಗೆ ಇಷ್ಟು ಹಣ ಸುರಿಯುವ ಬದಲು ಮಾರಿಬಿಡುವುದೇ ಮೇಲು ಎಂದು ಹೇಳಿ ಕಳುಹಿಸಿದ್ದರು. ಕೊಳ್ಳಲು ಒಬ್ಬರು ಮುಂದಿನ ವಾರ ಬಂದು ನೋಡುವವರಿದ್ದರು. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಮಗಳು ತಾನಾಗಿಯೇ ಕೇಳಿದಳು: “ಅಪ್ಪ, ಮೋಟಾರು ಸತ್ತಿದ್ದರೆ ಗಾಜು ಏಳಲೇಬಾರದಲ್ಲವೆ? ಏಳುತ್ತದೆ, ಆದರೆ ತಡವಾಗಿ ಏಳುತ್ತದೆ. ಇದು ಸಾವಿನ ಲಕ್ಷಣವೆ?”

ಪ್ರಶ್ನೆ ನ್ಯಾಯವಾದದ್ದೆಂದು ನನಗೆ ತೋರಿತು. ಮೂವತ್ತನಾಲ್ಕು ವರ್ಷ ಶಾಲೆಗಳಲ್ಲಿ ದುಡಿದವನು ನಾನು. ‘ಹುಡುಗ ಮಂದ’ ಎಂಬ ತೀರ್ಪನ್ನು ಉಪಾಧ್ಯಾಯರ ಕೊಠಡಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಾಗೆನ್ನಿಸಿಕೊಂಡವನು ಬೆಳಗಿನ ಊಟವಿಲ್ಲದೆ ಆರು ಕಿಲೋಮೀಟರು ನಡೆದು ಬಂದಿದ್ದಾನೆಂಬುದು ಹಾಜರಿ ಪುಸ್ತಕದಲ್ಲಿ ಎಲ್ಲಿಯೂ ಬರೆದಿರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಕೆಲಸಕ್ಕೆ ತೊಡಗಿದೆವು. ಮೊದಲು ಕೈಗಡಿಯಾರ ಹಿಡಿದು ಅಳೆದದ್ದಾಯಿತು: ಎಡಬಾಗಿಲಿನ ಗಾಜು ಕೆಳಗಿನಿಂದ ಮೇಲಕ್ಕೆ ಬರಲು 14 ಸೆಕೆಂಡು. ಬಳಿಕ ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿದೆವು. ನಾಲ್ಕಾರು ತಿರುಪು ಮೊಳೆಗಳು; ಅಂಚಿನುದ್ದಕ್ಕೂ ಪ್ಲಾಸ್ಟಿಕ್ಕಿನ ಗುಬುಟುಗಳು. ಅದರ ಹಿಂದೆ ಕಪ್ಪು ಅಂಟಿನಿಂದ ಕೂಡಿಸಿದ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ. ಇದನ್ನು ನಿಷ್ಪ್ರಯೋಜಕವೆಂದು ಹರಿದೆಸೆಯುವವರುಂಟು; ಹಾಗೆ ಮಾಡಬಾರದು. ಗಾಜಿನ ಮೇಲೆ ಬಿದ್ದ ಮಳೆನೀರಿನಲ್ಲಿ ಒಂದು ಪಾಲು ಬಾಗಿಲಿನ ಹೊಟ್ಟೆಯೊಳಕ್ಕೇ ಇಳಿಯುತ್ತದೆ. ಇಳಿದು, ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕುಳಿತವರ ಕಡೆಗೆ ಬಾರದಂತೆ ತಡೆಯುವುದು ಈ ಹಾಳೆ. ನಮ್ಮ ಬಾಗಿಲಿನ ತೂತುಗಳಲ್ಲಿ ಎರಡನ್ನು ಮೇಪಲ್ ಮರದ ಕೊಳೆತ ಎಲೆಗಳು ಮುಚ್ಚಿದ್ದವು. ಒಂದು ಕಡ್ಡಿಯಿಂದ ಅವನ್ನು ಮೀಟಿ ತೆಗೆದಾಗ ಅರ್ಧ ಲೋಟದಷ್ಟು ಕೆಸರುನೀರು ನೆಲಕ್ಕೆ ಸುರಿಯಿತು.

ಗಾಜನ್ನು ಎತ್ತುವ ಯಂತ್ರದಲ್ಲಿ ಗೂಢವೇನೂ ಇಲ್ಲ. ಮುಷ್ಟಿಗಾತ್ರದ ಮೋಟಾರು ಒಂದು ರಾಟೆಯನ್ನು ತಿರುಗಿಸುತ್ತದೆ. ರಾಟೆಗೆ ಸುತ್ತಿದ ಉಕ್ಕಿನ ಹುರಿ ಗಾಜನ್ನು ಎಳೆಯುತ್ತದೆ. ಗಾಜಿನ ಅಂಚುಗಳು ರಬ್ಬರಿನ ಜಾಡಿನಲ್ಲಿ ಸರಿಯುತ್ತವೆ. ನಮ್ಮ ಪ್ರೀಮಿಯರ್ ಪದ್ಮಿನಿಯಲ್ಲಿ ಪ್ರಯಾಣಿಕನ ಕೈ ಹಿಡಿಕೆ ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೋಟಾರು ಮಾಡುತ್ತದೆ, ಅಷ್ಟೆ. ಬಾವಿಯ ರಾಟೆಗೆ ಎಣ್ಣೆ ಕಾಣಿಸದಿದ್ದರೆ ಏನಾಗುತ್ತದೆಂಬುದು ನೀರು ಸೇದುವವರ ರಟ್ಟೆಗೆ ಗೊತ್ತು. ಇಲ್ಲಿ ಹಿಂದೆಂದೋ ಹಚ್ಚಿದ್ದ ಗ್ರೀಸು ಒಣಗಿ, ಕಂದಾಗಿ, ಹಲಸಿನ ಮೇಣದಂತೆ ಹಿಡಿದುಕೊಂಡಿತ್ತು. ಜಾರಿಸಬೇಕಾದದ್ದೇ ಅಂಟಾಗಿತ್ತು. ಅದನ್ನೆಲ್ಲ ಬಟ್ಟೆಯಿಂದ ಉಜ್ಜಿ ತೆಗೆದು, ಲೋಹದ ಭಾಗಗಳಿಗೆ ಬಿಳಿಯ ಲಿಥಿಯಂ ಗ್ರೀಸನ್ನೂ ರಬ್ಬರಿನ ಜಾಡಿಗೆ ಸಿಲಿಕೋನ್ ದ್ರವವನ್ನೂ ಹಚ್ಚಿದೆವು. ರಬ್ಬರಿಗೆ ಖನಿಜ ತೈಲ ಸಲ್ಲದು. ಹಲವು ಬಗೆಯ ರಬ್ಬರು ಅದರಿಂದ ಉಬ್ಬಿ ಕೆಡುತ್ತದೆ. ಮತ್ತೆ ಅಳೆದಾಗ 8 ಸೆಕೆಂಡು.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಮಗಳು ಒಪ್ಪಲಿಲ್ಲ, ವೋಲ್ಟುಗಳನ್ನು ಅಳೆಯುವ ಮಾಪಕವನ್ನು ತಂದಳು. ಮೋಟಾರಿನ ತಂತಿಯನ್ನು ಕಳಚಿ, ಗುಂಡಿ ಒತ್ತಿ, ಆ ತಂತಿಯ ತುದಿಯಲ್ಲಿ ಅಳೆದರೆ 12.4 ವೋಲ್ಟು ತೋರಿತು. ಅಲ್ಲಿಗೆ ವಿದ್ಯುತ್ತು ಸರಿಯಾಗಿಯೇ ಬರುತ್ತಿದೆ, ಮೋಟಾರಿನದೇ ತಪ್ಪು ಎಂದು ಯಾರಿಗಾದರೂ ಅನ್ನಿಸೀತು. ಆದರೆ ತಂತಿಯನ್ನು ಮೋಟಾರಿಗೆ ಮತ್ತೆ ಜೋಡಿಸಿ, ಗಾಜು ಏರುತ್ತಿರುವಾಗಲೇ ಅಳೆದರೆ ಉಳಿದದ್ದು 9.3 ಮಾತ್ರ! ಬ್ಯಾಟರಿಯಲ್ಲಿ ಆಗಲೂ 12.3 ಇತ್ತು. ಮೂರು ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಕೆಲಸವಿಲ್ಲದಾಗ ಕಾಣಿಸದ ಕೊರತೆ ಕೆಲಸ ಮಾಡುವಾಗಲೇ ಕಾಣಿಸಿತು.

ಇದರ ಕಾರಣವನ್ನು ಹೇಳಿದವರು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್. ಅವರೂ ಉಪಾಧ್ಯಾಯರೇ, ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರವನ್ನು ಕಲಿಸುತ್ತಿದ್ದರು. ತಮ್ಮ ನಿಯಮವನ್ನು ವಿವರಿಸುವ ಗ್ರಂಥವನ್ನು ಅವರು 1827ರಲ್ಲಿ ಪ್ರಕಟಿಸಿದಾಗ ಸ್ವದೇಶದಲ್ಲಿ ಮನ್ನಣೆ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕವನ್ನಿತ್ತಿತು. ನಮ್ಮ ಶಾಲೆಯಲ್ಲಿ ಈ ಹೆಸರು ಬಂದಾಗಲೆಲ್ಲ ಹುಡುಗರು ಕೈಮುಗಿದು ‘ಓಂ’ ಎನ್ನುತ್ತಿದ್ದರು. ಪಕ್ಕದ ತರಗತಿಯಲ್ಲಿ ವ್ಯಾಕರಣ ಹೇಳುತ್ತಿದ್ದ ನನಗೂ ನಗೆ ಬರುತ್ತಿತ್ತು. ಹರಿಯುವ ವಿದ್ಯುತ್ತನ್ನು ಹಾದಿಯ ತಡೆಯಿಂದ ಗುಣಿಸಿದರೆ ಆ ಹಾದಿಯಲ್ಲಿ ಕಳೆದುಹೋಗುವ ವೋಲ್ಟು ದೊರೆಯುತ್ತದೆ. ನಮ್ಮ ಮೋಟಾರು ಸುಮಾರು 6 ಆಂಪಿಯರ್ ಎಳೆಯುತ್ತಿತ್ತು. ಹಾಗಾದರೆ ಅರ್ಧ ಓಮ್‌ನಷ್ಟು ತಡೆ ಎಲ್ಲಿಯೋ ಅಡಗಿರಬೇಕು.

ಅದು ಬಹುಪಾಲು ಅಡಗಿದ್ದದ್ದು ಎರಡು ಆಸನಗಳ ನಡುವಿನ ಗುಂಡಿಯಲ್ಲಿ. ಇಂದಿನ ಕಾರುಗಳಲ್ಲಿ ಗುಂಡಿ ಸಾಮಾನ್ಯವಾಗಿ ಅಪ್ಪಣೆಯನ್ನಷ್ಟೇ ಕೊಡುತ್ತದೆ. ಭಾರವನ್ನು ಹೊರುವ ಉಪಕರಣ ಬೇರೆ. ಈ ಹಳೆಯ ಕಾರಿನಲ್ಲಿ ಮೋಟಾರಿನ ಅಷ್ಟೂ ವಿದ್ಯುತ್ತು ಗುಂಡಿಯ ಮೂಲಕವೇ ಹಾಯಬೇಕು. ಪ್ರತಿ ಸಲ ಬೆರಳು ತೆಗೆದಾಗಲೂ ಒಳಗೆ ಒಂದು ಕಿಡಿ. ಪ್ರತಿ ಕಿಡಿಗೂ ಒಂದು ಕಣ ಮಸಿ. ಬ್ಯಾಟರಿಯ ತಂತಿಯನ್ನು ಕಳಚಿ, ಗುಂಡಿಯನ್ನು ಮೇಜಿನ ಮೇಲೆ ಹಾಸಿದ ಬಿಳಿಯ ಪಂಚೆಯ ಮೇಲಿಟ್ಟು ಬಿಚ್ಚಿದೆವು. ಪಂಚೆ ಏಕೆಂದರೆ, ಒಳಗಿನ ಸ್ಪ್ರಿಂಗುಗಳು ಜಿಗಿದರೆ ಹುಡುಕಲು ಸಿಗಬೇಕಲ್ಲ. ತಾಮ್ರದ ಸಂಪರ್ಕಗಳು ಕಾಡಿಗೆ ಬಳಿದಂತೆ ಕಪ್ಪಾಗಿದ್ದವು. ಅತಿ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಮತ್ತೆ ಜೋಡಿಸಿದೆವು. ಈಗ ಗಾಜು ಏರುವಾಗ ಮೋಟಾರಿಗೆ ತಲುಪಿದ್ದು 11.2 ವೋಲ್ಟು, ಗಡಿಯಾರದಲ್ಲಿ ನಾಲ್ಕೂವರೆ ಸೆಕೆಂಡು. ದಪ್ಪ ತಂತಿ ಎಳೆದು, ರಿಲೇಗಳನ್ನು ಕೂಡಿಸಿ, ಉಳಿದ ನಷ್ಟವನ್ನೂ ತಪ್ಪಿಸುವವರಿದ್ದಾರೆ. ನಮಗೆ ಅದು ಬೇಕೆನಿಸಲಿಲ್ಲ. ಆಯಸ್ಸು ಮುಗಿದಿದೆ ಎನ್ನಿಸಿಕೊಂಡಿದ್ದ ಮೋಟಾರನ್ನು ನಾವು ಮುಟ್ಟಲೂ ಇಲ್ಲ.

ನೋಡಲು ಬರಬೇಕಾಗಿದ್ದವರಿಗೆ ಮಗಳು ಅಂದು ಸಂಜೆಯೇ ದೂರವಾಣಿ ಮಾಡಿ, ಕಾರು ಮಾರಾಟಕ್ಕಿಲ್ಲವೆಂದು ತಿಳಿಸಿದಳು. ಬಲಬಾಗಿಲನ್ನು ಮರುವಾರ ಅವಳೊಬ್ಬಳೇ ಬಿಚ್ಚಿ ಕೂಡಿಸಿದಳು. ನನಗೆ ಉಳಿಸಿದ್ದು ಸೆಕೆಂಡುಗಳನ್ನು ಎಣಿಸುವ ಕೆಲಸ.

“ಎಷ್ಟು, ಅಪ್ಪ?”

“ಐದು.”

“ಎಡಗಡೆಯದಕ್ಕಿಂತ ಅರ್ಧ ಸೆಕೆಂಡು ಹೆಚ್ಚಾಯಿತಲ್ಲ” ಎನ್ನುತ್ತ ಅವಳು ಆ ಕಡೆಯ ಗುಂಡಿಯನ್ನು ಬಿಚ್ಚಲು ತಿರುಪುಳಿಯನ್ನು ಕೈಗೆತ್ತಿಕೊಂಡಳು. ನಾನು ಪಂಚೆಯನ್ನು ತರಲು ಒಳಗೆ ಹೋದೆ.