ಗೊಂಬೆಗೆ ಕೊಟ್ಟ ಅಂಕ

ಮೂವತ್ತೆರಡು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈಗೆ ನಿವೃತ್ತಿಯೆಂಬುದು ಸುಲಭವಾಗಿ ಒಗ್ಗುವುದಿಲ್ಲ. ಕೆಂಪು ಶಾಯಿಯ ಲೇಖನಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಅಂಕ ಕೊಡುವ ಚಪಲಕ್ಕೆ ಬೀಗ ಹಾಕುವುದು ಹೇಗೆ? ನಿವೃತ್ತಳಾದ ಮೇಲೆ ನಾನು ಮದುವೆಮನೆಯ ಸಾರಿಗೆ ಅಂಕ ಕೊಟ್ಟಿದ್ದೇನೆ. ನೆರೆಮನೆಯ ರಂಗೋಲಿಗೆ ಕೊಟ್ಟಿದ್ದೇನೆ. ಬಸ್ಸಿನ ಕಂಡಕ್ಟರನ ಕನ್ನಡಕ್ಕೂ ಕೊಟ್ಟಿದ್ದೇನೆ. ಇವೆಲ್ಲ ಮನಸ್ಸಿನಲ್ಲಿಯೇ ನಡೆದ ಮೌಲ್ಯಮಾಪನಗಳಾದುದರಿಂದ ಯಾರಿಗೂ ನೋವಾಗಿಲ್ಲ. ಆದರೆ 2023ರ ಬೇಸಗೆಯಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ, ಒಂದು ಗೊಂಬೆಗೆ ಕಾಗದದ ಮೇಲೆಯೇ ಅಂಕ ಕೊಡಬೇಕಾದ ಪ್ರಸಂಗ ಬಂತು.

ಅಂದು ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ ತುಂಬಿತ್ತು. ಪಕ್ಕದ ಮನೆಯಲ್ಲಿ ಎಂಬತ್ತರ ಸಮೀಪದ ಒಬ್ಬ ವೃದ್ಧೆ ಒಂಟಿಯಾಗಿ ವಾಸಿಸುತ್ತಿದ್ದರು. ಆಕೆಗೆ ಗೊಂಬೆಗಳನ್ನು ಸಂಗ್ರಹಿಸುವ ಹವ್ಯಾಸ. ಆಕೆಯ ಮನೆಯ ಗಾಜಿನ ಬೀರುಗಳಲ್ಲಿ ಗೊಂಬೆಗಳು ತಂತಮ್ಮ ಪೆಟ್ಟಿಗೆಗಳೊಳಗೆ ಪುಸ್ತಕಗಳಂತೆ ಸಾಲಾಗಿ ನಿಂತಿದ್ದವು. ಆ ಸಂಗ್ರಹದಿಂದ ಒಂದು ಪೆಟ್ಟಿಗೆಯನ್ನು ತೆಗೆದು, ಆಕೆ ಹುಡುಗಿಯ ಕೈಗಿತ್ತು ಹರಸಿ ಹೋದರು. ಒಳಗಿದ್ದುದು ಬಾರ್ಬಿ, 1959ರಲ್ಲಿ ಬಂದ ಮೊಟ್ಟಮೊದಲ ಬಾರ್ಬಿಯ ಪ್ರತಿರೂಪವಾಗಿ, ಮೂವತ್ತೈದನೆಯ ವರ್ಷದ ನೆನಪಿಗೆಂದು 1994ರಲ್ಲಿ ತಯಾರಾದ ಗೊಂಬೆ.

ಹುಡುಗಿ ಮುಚ್ಚಳ ತೆಗೆದು, ಗೊಂಬೆಯನ್ನು ಬಿಗಿದಿದ್ದ ಕಟ್ಟನ್ನು ಕತ್ತರಿಸಲು ಕತ್ತರಿ ತಂದಳು. ಮಗಳು ತಡೆದಳು. "ಬೇಡ ಪುಟ್ಟಿ, ಇಂಥ ಗೊಂಬೆಗಳನ್ನು ಹೊರಗೆ ತೆಗೆದರೆ ಬೆಲೆ ಹೋಗಿಬಿಡುತ್ತದೆ. ಹಾಗೆಯೇ ಇಟ್ಟುಕೋ" ಎಂದಳು. ಮಗು ನನ್ನ ಕಡೆ ನೋಡಿತು. ಅಜ್ಜಿಯರು ಸಾಮಾನ್ಯವಾಗಿ ಮೊಮ್ಮಕ್ಕಳ ಪಕ್ಷ ವಹಿಸುತ್ತಾರೆ. ನಾನು ವಹಿಸಲಿಲ್ಲ. "ಅಮ್ಮ ಹೇಳುವುದು ಸರಿ. ನೋಡಿ ಸಂತೋಷಪಟ್ಟರೆ ಸಾಲದೆ?" ಎಂದೆ. ಅವಳ ಮುಖ ಬಾಡಿತು. ಆ ಬಾಡಿದ ಮುಖವನ್ನು ಅರಳಿಸಲು ಹೂಡಿದ ಉಪಾಯವೇ ಪರೀಕ್ಷೆ. "ಬಾ, ಇವಳನ್ನು ಪರೀಕ್ಷೆ ಮಾಡೋಣ. ಮುಖಕ್ಕೆ ಇಪ್ಪತ್ತೈದು, ಕೂದಲಿಗೆ ಇಪ್ಪತ್ತೈದು, ಉಡುಪಿಗೆ ಇಪ್ಪತ್ತೈದು, ಉಳಿದ ಸಾಮಗ್ರಿಗೆ ಇಪ್ಪತ್ತೈದು. ನೀನು ಕಾಗದ ತಾ" ಎಂದೆ.

ಪರೀಕ್ಷಾರ್ಥಿಯ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ರೂತ್ ಹ್ಯಾಂಡ್ಲರ್ ಎಂಬ ಮಹಿಳೆ ತನ್ನ ಪತಿ ಎಲಿಯಟ್ ಮತ್ತು ಹೆರಾಲ್ಡ್ ಮ್ಯಾಟ್ಸನ್ ಎಂಬವರೊಡನೆ 1945ರಲ್ಲಿ ಮ್ಯಾಟೆಲ್ ಸಂಸ್ಥೆಯನ್ನು ಕಟ್ಟಿದಳು. ಆಕೆಯ ಮಗಳು ಬಾರ್ಬರಾ ಕಾಗದದ ಗೊಂಬೆಗಳೊಡನೆ ಆಡುವಾಗ, ಅವುಗಳನ್ನು ಕೂಸುಗಳೆಂದು ಭಾವಿಸದೆ, ದೊಡ್ಡ ಹೆಂಗಸರೆಂದು ಭಾವಿಸಿ ಮಾತನಾಡಿಸುತ್ತಿದ್ದಳಂತೆ. ಆ ಕಾಲದಲ್ಲಿ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುತ್ತಿದ್ದುದು ಕೂಸಿನ ರೂಪದ ಗೊಂಬೆ. ಅದನ್ನು ಎತ್ತಿಕೊಂಡ ಹುಡುಗಿ ತಾಯಿಯ ಆಟವನ್ನಲ್ಲದೆ ಬೇರೆ ಯಾವ ಆಟವನ್ನು ಆಡಿಯಾಳು? ದೊಡ್ಡವಳ ರೂಪದ ಗೊಂಬೆಯೊಂದು ಬೇಕೆಂದು ರೂತ್ ಹೇಳಿದಾಗ ಸಂಸ್ಥೆಯ ಗಂಡಸರು ಒಪ್ಪಲಿಲ್ಲ. 1956ರಲ್ಲಿ ಸ್ವಿಟ್ಜರ್ಲೆಂಡಿನ ಪ್ರವಾಸದಲ್ಲಿ ಆಕೆ ಜರ್ಮನಿಯ ಲಿಲ್ಲಿ ಎಂಬ ಗೊಂಬೆಯನ್ನು ಕಂಡಳು. ಅದೇ ಬಾರ್ಬಿಗೆ ಮಾದರಿಯಾಯಿತು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆಗಳ ಮೇಳದಲ್ಲಿ ಹನ್ನೊಂದೂವರೆ ಅಂಗುಲ ಎತ್ತರದ, ಮೂರು ಡಾಲರ್ ಬೆಲೆಯ ಈ ಗೊಂಬೆ ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು. ನಾನು ಹುಟ್ಟಿದ್ದೂ ಅದೇ ವರ್ಷ. ನಾವಿಬ್ಬರೂ ಓರಗೆಯವರು. ಅವಳ ಹಣೆಯಲ್ಲಿ ಒಂದು ಗೆರೆಯೂ ಇಲ್ಲದಿರುವುದನ್ನು ಮೊಮ್ಮಗಳು ನನ್ನ ಗಮನಕ್ಕೆ ತಂದಳು. ಅಧಿಕಪ್ರಸಂಗವೆಂದು ನಾನದನ್ನು ಅಲಕ್ಷಿಸಿದೆ.

ಮೊದಲ ಪತ್ರಿಕೆ ಮುಖಾಲಂಕಾರ. ಕಮಾನಿನಂತೆ ಬಾಗಿದ ಹುಬ್ಬು, ಕಣ್ಣಿನಂಚಿಗೆ ಕಪ್ಪು ಕಾಡಿಗೆ, ತುಟಿಗೆ ಕೆಂಪು, ಉಗುರಿಗೂ ಕೆಂಪು. ಕಣ್ಣು ನಮ್ಮನ್ನು ನೇರವಾಗಿ ನೋಡುವುದಿಲ್ಲ. ಒಂದು ಪಕ್ಕಕ್ಕೆ ಹೊರಳಿದೆ. ನಮ್ಮ ಕಾವ್ಯಗಳಲ್ಲಿ ಓರೆನೋಟದ ನಾಯಿಕೆಯರನ್ನು ಪಾಠ ಮಾಡಿದವಳಿಗೆ ಈ ನೋಟ ಹೊಸದಲ್ಲ. ಆದರೂ ಅದು ನಾಚಿಕೆಯೋ, ಬಿಂಕವೋ ನಿರ್ಧರಿಸಲಾಗಲಿಲ್ಲ. ಹನ್ನೆರಡು ವರ್ಷ ಹೀಗೆ ಓರೆಯಾಗಿ ನೋಡಿದ ಬಾರ್ಬಿ, 1971ರಲ್ಲಿ ಮಾಲಿಬು ಎಂಬ ಹೆಸರಿನಿಂದ ಬಂದಾಗ ಮೊದಲ ಬಾರಿಗೆ ನೇರವಾಗಿ ನೋಡಿದಳು. ಆ ಹನ್ನೆರಡು ವರ್ಷಗಳಲ್ಲಿ ಹೆಂಗಸರ ಲೋಕದಲ್ಲಿ ಎಷ್ಟೋ ಬದಲಾವಣೆಗಳಾಗಿದ್ದವು. ಗೊಂಬೆಯ ಕಣ್ಣು ಅವುಗಳನ್ನು ಕೊಂಚ ತಡವಾಗಿ ಕಂಡಿತು. ಗೆರೆಗಳ ಅಚ್ಚುಕಟ್ಟಿಗೆ ಮೆಚ್ಚಿ ಇಪ್ಪತ್ತು ಅಂಕ ಕೊಟ್ಟೆ.

ಎರಡನೆಯದು ಕೇಶ. ಹಣೆಯ ಮೇಲೆ ಗುಂಗುರು ಮುಂಗುರುಳು. ಹಿಂದೆ ಎತ್ತಿ ಕಟ್ಟಿದ ಕುದುರೆಬಾಲದ ಜುಟ್ಟು. ಕೃತಕ ನಾರಿನ ಎಳೆಗಳನ್ನು ತಲೆಯ ಚರ್ಮಕ್ಕೆ ಸಾಲುಸಾಲಾಗಿ ನೆಟ್ಟು ಹೊಲಿದಿದ್ದಾರೆ. ಕಾರ್ಖಾನೆಯಲ್ಲಿ ಕಟ್ಟಿದ ಜುಟ್ಟನ್ನು ಒಮ್ಮೆಯೂ ಬಿಚ್ಚದಿದ್ದರೆ ಸಂಗ್ರಾಹಕರಿಗೆ ಅದು ಹೆಚ್ಚು ಪ್ರಿಯ. "ಹಾಗಾದರೆ ಇವಳು ಎಂದಾದರೂ ತಲೆಗೆ ನೀರು ಹಾಕಿಕೊಂಡದ್ದು ಉಂಟೇ ಅಜ್ಜಿ?" ಎಂದಳು ಮೊಮ್ಮಗಳು. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಇಪ್ಪತ್ತೆರಡು ಅಂಕ.

ಉಡುಪನ್ನು ಆಮೇಲೆ ನೋಡೋಣವೆಂದು ಸಾಮಗ್ರಿಗಳಿಗೆ ಬಂದೆವು. ಬಂಗಾರದ ಬಣ್ಣದ ಕಿವಿಯ ಬಳೆ, ಬಿಳಿಯ ಚೌಕಟ್ಟಿಗೆ ನೀಲಿ ಗಾಜು ಕೂಡಿಸಿದ ತಂಪು ಕನ್ನಡಕ, ಎತ್ತರದ ಹಿಮ್ಮಡಿಯ ಕಪ್ಪು ಪಾದರಕ್ಷೆ. ಎಲ್ಲವೂ ಚೆನ್ನ. ಆದರೆ ಪಾದರಕ್ಷೆಗೆ ತಕ್ಕಂತೆ ಪಾದವನ್ನೇ ತುದಿಗಾಲಿನ ಮೇಲೆ ಎರಕ ಹೊಯ್ದಿದ್ದಾರೆ! ಇವಳು ಸ್ವಂತ ಕಾಲಿನ ಮೇಲೆ ನಿಲ್ಲಲಾರಳು. ಮೊಟ್ಟಮೊದಲ ಗೊಂಬೆಗಳ ಅಂಗಾಲಿನಲ್ಲಿ ರಂಧ್ರಗಳಿದ್ದು, ಪೀಠದ ಕಡ್ಡಿಗಳನ್ನು ಅವುಗಳಿಗೆ ತೂರಿಸಿ ನಿಲ್ಲಿಸುತ್ತಿದ್ದರಂತೆ. 1962ರಲ್ಲಿ ರಟ್ಟಿನದಾದರೂ ಸ್ವಂತ ಮನೆಯನ್ನು ಪಡೆದವಳು, ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ನಾಲ್ಕು ವರ್ಷ ಮೊದಲೇ, 1965ರಲ್ಲಿ, ಗಗನಯಾತ್ರಿಯ ಉಡುಪು ತೊಟ್ಟವಳು, ನೆಲದ ಮೇಲೆ ನಿಲ್ಲಲಾರಳೆಂದರೆ ವಿಪರ್ಯಾಸವಲ್ಲವೆ? ಸೊಂಟವೂ ಅಷ್ಟೆ, ಆ ಅಳತೆಯ ಸೊಂಟದಲ್ಲಿ ಮನುಷ್ಯರ ಕರುಳು ಹಿಡಿಸುವುದಿಲ್ಲ. ಇಂಥ ದೇಹವನ್ನು ಕಂಡ ಹುಡುಗಿಯರು ತಮ್ಮ ದೇಹವನ್ನು ಹಳಿದುಕೊಳ್ಳುತ್ತಾರೆಂಬ ಆಕ್ಷೇಪ ಬಹುಕಾಲದಿಂದ ಇತ್ತು. 1980ರಲ್ಲಿ ಬಾರ್ಬಿಯೆಂಬ ಹೆಸರಿನಲ್ಲಿಯೇ ಕಪ್ಪು ವರ್ಣದ ಗೊಂಬೆ ಬಂತು. 2016ರಲ್ಲಿ ಮೈತುಂಬಿದ, ಎತ್ತರದ, ಗಿಡ್ಡನೆಯ ಮೈಕಟ್ಟಿನ ಗೊಂಬೆಗಳು ಬಂದವು. ಆದರೆ ನಮ್ಮ ಮುಂದಿದ್ದುದು ಹಳೆಯ ಅಚ್ಚಿನದು. ಕಾಲಿಗಾಗಿ ಆರು ಅಂಕ ಕಳೆದು ಹತ್ತೊಂಬತ್ತು ಕೊಟ್ಟೆ.

ಉಳಿದದ್ದು ಉಡುಪು. ಕಪ್ಪುಬಿಳುಪು ಪಟ್ಟೆಗಳ ಈಜುಡುಗೆ ಮೈಗೆ ಸುಕ್ಕಿಲ್ಲದೆ ಕುಳಿತಿತ್ತು. ಲೇಖನಿ ಎತ್ತಿದೆ, ಬರೆಯಲಾಗಲಿಲ್ಲ. ಎಲ್ಲಿಂದಲೋ ಅಕ್ಕನ ದನಿ ಕೇಳಿದಂತಾಯಿತು: "ಹೊಲಿಗೆ ನೋಡಬೇಕಾದರೆ ತಿರುವಿ ನೋಡು."

ಅಕ್ಕ ನನಗಿಂತ ಹತ್ತು ವರ್ಷ ಹಿರಿಯಳು. ಅಪ್ಪ ತೀರಿಕೊಂಡಾಗ ಅವಳ ಶಾಲೆ ಏಳನೆಯ ತರಗತಿಗೆ ನಿಂತಿತು, ಹೊಲಿಗೆಯಂತ್ರ ಆರಂಭವಾಯಿತು. ಮೈಸೂರಿನ ನಮ್ಮ ವಠಾರದಲ್ಲಿ ರವಿಕೆಯೊಂದಕ್ಕೆ ಒಂದೂವರೆ ರೂಪಾಯಿಯಂತೆ ಹೊಲಿದು, ಅವಳು ನನ್ನನ್ನು ಮಾನಸಗಂಗೋತ್ರಿಯ ಎಂ.ಎ. ತರಗತಿಯವರೆಗೆ ಓದಿಸಿದಳು. ಪ್ರತಿವರ್ಷ ನವರಾತ್ರಿಗೆ ಮೊದಲು, ಮದುವೆಯಲ್ಲಿ ಅಮ್ಮನಿಗೆ ತವರಿನವರು ಕೊಟ್ಟಿದ್ದ ಚಂದನದ ಮರದ ಪಟ್ಟದ ಗೊಂಬೆಗಳಿಗೆ ಹೊಸ ಉಡುಪು ಹೊಲಿಯುವುದು ಅವಳದೇ ಕೆಲಸ. ನನಗಾಗ ಆರೇಳು ವರ್ಷ. ಹಳೆಯ ಸೀರೆಯ ಸೆರಗಿನ ತುಂಡಿನಿಂದ ಹೆಬ್ಬೆರಳುದ್ದದ ರವಿಕೆಯನ್ನು ಕತ್ತರಿಸಿ, ಅದಕ್ಕೆ ಒಳಗಿನಿಂದ ಮಲ್ಲಿನ ಪದರವೊಂದನ್ನು ಕೂಡಿಸಿ ಅವಳು ಹೊಲಿಯುತ್ತಿದ್ದಳು. "ಅದು ಒಳಗೆ ಇರುತ್ತೆ. ಯಾರು ನೋಡ್ತಾರೆ ಅಕ್ಕ?" ಎಂದು ಕೇಳಿದ್ದೆ. "ಬಿಚ್ಚಿದವರು ನೋಡ್ತಾರೆ" ಎಂದಿದ್ದಳು.

ಬಾರ್ಬಿಯ ಮೊದಲ ಉಡುಪುಗಳ ಕಥೆಯನ್ನು ಪಕ್ಕದ ಮನೆಯ ವೃದ್ಧೆಯಿಂದ ಕೇಳಿದಾಗ ನನಗೆ ಅಕ್ಕ ನೆನಪಾಗಿದ್ದಳು. ಅವುಗಳನ್ನು ರೂಪಿಸಿದವಳು ಷಾರ್ಲೆಟ್ ಜಾನ್ಸನ್. ಗೊಂಬೆಗಳೂ ಉಡುಪುಗಳೂ ಆಗ ತಯಾರಾಗುತ್ತಿದ್ದುದು ಜಪಾನಿನಲ್ಲಿ. ಆಕೆ ಅಲ್ಲಿಗೇ ಹೋಗಿ ನಿಂತು ಕೆಲಸ ಮಾಡಿಸಿದಳು. ಬೆರಳ ತುದಿಯಷ್ಟಿದ್ದ ಗುಂಡಿ, ಅದಕ್ಕೊಂದು ನಿಜವಾದ ಕಾಜ, ಜಾರುವ ಜಿಪ್ಪು, ಒಳಗೆ ಲೈನಿಂಗು. ಇವನ್ನು ಹೊಲಿದವರಲ್ಲಿ ಮನೆಯಲ್ಲಿಯೇ ಕುಳಿತು ದುಡಿಯುವ ಜಪಾನಿ ಹೆಂಗಸರು ಬಹುಮಂದಿ. ರೂಪಿಸಿದವಳ ಹೆಸರು ಪುಸ್ತಕಗಳಲ್ಲಿದೆ. ಹೊಲಿದವರ ಹೆಸರು ಯಾವ ಪೆಟ್ಟಿಗೆಯ ಮೇಲೂ ಇಲ್ಲ. ನಾನು ಉಡುಪಿನ ಅಂಕವನ್ನು ಖಾಲಿ ಬಿಟ್ಟೆ.

ಮೂರನೆಯ ದಿನ ಆ ವೃದ್ಧೆ ಬಂದರು. ಪೆಟ್ಟಿಗೆಯಲ್ಲಿ ಕಟ್ಟುಸಮೇತ ನಿಂತಿದ್ದ ಗೊಂಬೆಯನ್ನೂ, ದೂರದಲ್ಲಿ ಕುಳಿತಿದ್ದ ಹುಡುಗಿಯನ್ನೂ ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಮಗಳಿಗೆ ಹೇಳಿದರು: "ಜೋಪಾನ ಮಾಡುವುದಕ್ಕೆ ನನ್ನ ಬೀರುವೇ ಇತ್ತಲ್ಲ. ನನ್ನ ಬಳಿ ಇರುವ ಇಷ್ಟು ಗೊಂಬೆಗಳಲ್ಲಿ ಒಂದನ್ನಾದರೂ ಯಾರಾದರೂ ಆಡಿಸಲಿ ಎಂದು ಇದನ್ನು ತಂದುಕೊಟ್ಟೆ." ಅವರೇ ಕತ್ತರಿಯನ್ನು ಹುಡುಗಿಯ ಕೈಗೆ ಕೊಟ್ಟರು.

ಮುಂದಿನದನ್ನು ವಿವರವಾಗಿ ಹೇಳಬೇಕಾಗಿಲ್ಲ. ಒಂದು ಗಂಟೆಯೊಳಗೆ ಜುಟ್ಟು ಬಿಚ್ಚಿ ಎರಡು ಜಡೆಗಳಾಯಿತು. ಒಂದು ವಾರದೊಳಗೆ ಎಡಗಾಲಿನ ಪಾದರಕ್ಷೆ ಕಾಣೆಯಾಯಿತು. ನಾನು ಈಜುಡುಗೆಯನ್ನು ತಿರುವಿ, ಕನ್ನಡಕ ಏರಿಸಿ, ಹೊಲಿಗೆಯನ್ನು ನೋಡಿ ಇಪ್ಪತ್ತೊಂದು ಬರೆದೆ. ಒಟ್ಟು ಎಂಬತ್ತೆರಡು. ಮೊಮ್ಮಗಳು ಆ ಕಾಗದವನ್ನು ಗೋಡೆಗೆ ಅಂಟಿಸಿದಳು.

ನನ್ನ ಮನಸ್ಸು ಮಾತ್ರ ಹಗುರವಾಗಲಿಲ್ಲ. ಮೈಸೂರಿನ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ನಾಲ್ಕು ವರ್ಷಗಳ ಹಿಂದೆ ಅಕ್ಕನ ದೃಷ್ಟಿ ಬಹುಮಟ್ಟಿಗೆ ಹೋದ ಮೇಲೆ ನಾನು ಪಟ್ಟದ ಗೊಂಬೆಗಳನ್ನು ಅದರೊಳಗಿಟ್ಟು ಮುಚ್ಚಿದ್ದೆ. ಪ್ರತಿ ನವರಾತ್ರಿಯಲ್ಲಿಯೂ ಅವಳು, "ಗೊಂಬೆ ಇಳಿಸೋಣ ಕಣೇ" ಎನ್ನುವಳು. "ಹಳೇ ರೇಷ್ಮೆ ಅಕ್ಕ, ಮುಟ್ಟಿದರೆ ಹರಿದುಹೋಗುತ್ತೆ. ಭದ್ರವಾಗಿರಲಿ ಬಿಡು" ಎನ್ನುವೆ. ಮೊಮ್ಮಗಳಿಗೆ ಹೇಳಿದ ಬುದ್ಧಿಮಾತನ್ನು ನಾನು ಅಕ್ಕನಿಗೆ ನಾಲ್ಕು ವರ್ಷಗಳಿಂದ ಹೇಳುತ್ತ ಬಂದಿದ್ದೆ. ಅವಳ ಮುಖ ಬಾಡುತ್ತಿತ್ತೋ ಏನೋ, ನಾನು ನೋಡಿರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ, ಊರಿಗೆ ಮರಳಿದ ಮೇಲೆ, ನವರಾತ್ರಿಯ ಹಿಂದಿನ ದಿನ ಪೆಟ್ಟಿಗೆಯನ್ನು ಇಳಿಸಿದೆ. ರಾಣಿಯ ರವಿಕೆಯ ರೇಷ್ಮೆ ಮಡಿಕೆಗಳಲ್ಲಿ ಸೀಳಿಹೋಗಿತ್ತು. ಮುಟ್ಟದೆ ಇಟ್ಟದ್ದೂ ಅದನ್ನು ಉಳಿಸಿರಲಿಲ್ಲ. ಮೆಲ್ಲನೆ ಬಿಚ್ಚಿ ತಿರುವಿದೆ. ಒಳಗಿನ ಮಲ್ಲಿನ ಪದರ ಹಾಗೆಯೇ ಇತ್ತು. ಸಾಸಿವೆಕಾಳಿನಂಥ ಹೊಲಿಗೆಗಳು ಒಂದೂ ಬಿಟ್ಟಿರಲಿಲ್ಲ. ಎಷ್ಟೋ ವರ್ಷಗಳ ಬಳಿಕ ಅದನ್ನು ಮೊದಲು ಬಿಚ್ಚಿ ನೋಡಿದವಳು ನಾನು.

ಅಕ್ಕನ ಪಕ್ಕದಲ್ಲಿ ಕುಳಿತು ರವಿಕೆಯನ್ನು ಅವಳ ಅಂಗೈಯಲ್ಲಿಟ್ಟೆ. ಸಾವಿರಾರು ಮಕ್ಕಳಿಗೆ ಅಂಕ ಕೊಟ್ಟವಳು, ಆ ಕೆಲಸಕ್ಕೆ ನನ್ನನ್ನು ಅರ್ಹಳನ್ನಾಗಿ ಮಾಡಿದವಳಿಗೆ ಒಮ್ಮೆಯೂ ಕೊಟ್ಟಿರಲಿಲ್ಲ. "ಅಕ್ಕ, ನೂರಕ್ಕೆ ನೂರು" ಎಂದೆ. ದನಿ ಸ್ವಲ್ಪ ನಡುಗಿತು.

ಅವಳು ಏನೂ ಹೇಳದೆ ಬೆರಳ ತುದಿಯನ್ನು ಅಂಚಿನ ಮೇಲೆ ಓಡಿಸಿದಳು, ಕಂಕುಳ ಬಳಿ ನಿಲ್ಲಿಸಿದಳು, ಮತ್ತೊಮ್ಮೆ ಸವರಿದಳು.

"ಪಕ್ಷಪಾತ ಮಾಡಬೇಡ ಕಣೇ ಮೇಡಂ. ಎಡದ ತೋಳು ಒಂದು ದಾರದಷ್ಟು ಬಿಗಿಯಾಗಿದೆ. ಎರಡು ಅಂಕ ಕಳಿ" ಎಂದಳು. ಆಮೇಲೆ ಕೈಚಾಚಿ, "ಸೂಜಿಗೆ ದಾರ ಪೋಣಿಸಿಕೊಡು. ನಾಳೆ ಪಾಡ್ಯ, ರಾಣಿಗೆ ರವಿಕೆ ಬೇಡವೆ?" ಎಂದಳು.