ಗುಂಡಿ ಇಲ್ಲದ ರೇಡಿಯೋ

ಅಜ್ಜನ ಬೆರಳು ನಡುಗತಾವ. ರೇಡಿಯೋದ ಸಣ್ಣ ಗುಂಡಿ ತಿರುವಲು ದಿನಾ ನನ್ನನ್ನೇ ಕರೆಯುತ್ತಿದ್ದ. ಒಮ್ಮೆ ಸಿಟ್ಟಿನಿಂದ ಜೋರಾಗಿ ತಿರುವಿದೆ, ಮುರೀತು. ಯಾರಿಗೂ ಹೇಳಲಿಲ್ಲ.

ಈ ತಿಂಗಳು ವಿಜ್ಞಾನದ ಸರ್ ನಮ್ಮಿಂದ ಒಂದು ರೇಡಿಯೋ ಮಾಡಿಸಿದರು. ತಾಮ್ರದ ತಂತಿಯ ಸುರುಳಿ, ಕೆಪಾಸಿಟರ್, ಜರ್ಮೇನಿಯಂ ಡಯೋಡು, ಕ್ರಿಸ್ಟಲ್ ಇಯರ್‌ಫೋನು, ಅಷ್ಟೇ. ಸೆಲ್ ಬೇಡ, ಗುಂಡಿಯೂ ಇಲ್ಲ! ಏರಿಯಲ್ ತಂತಿ ಬೇವಿನ ಗಿಡಕ್ಕೆ, ಇನ್ನೊಂದು ತಂತಿ ಬೋರಿನ ಪೈಪಿಗೆ. ಸುರುಳಿಯೊಳಗೆ ಕರೀ ಫೆರೈಟ್ ಕಡ್ಡಿ ಇರುತ್ತದೆ. ಒಳಗೆ ತಳ್ಳಿದರೆ ಕಡಿಮೆ ಕಿಲೋಹರ್ಟ್ಸಿನ ಸ್ಟೇಷನ್, ಹೊರಗೆ ಎಳೆದರೆ ಹೆಚ್ಚಿನದು. ದೂರದ್ದು ಮಾತ್ರ ಕೇಳಿಸೂದಿಲ್ಲ.

ಅದನ್ನು ಅಜ್ಜನಿಗೆ ಕೊಟ್ಟೆ. ಮುಷ್ಟಿಯಲ್ಲಿ ಕಡ್ಡಿ ಹಿಡಿದು ತಾನೇ ಮೆಲ್ಲಗೆ ತಳ್ಳಿದ. 765 ಕಿಲೋಹರ್ಟ್ಸಿನ ಧಾರವಾಡ ಆಕಾಶವಾಣಿ ಬಂತು. ಆಗ ಅಳುತ್ತಾ, "ಅಜ್ಜಾ, ಗುಂಡಿ ಮುರಿದಾಂವ ನಾನs" ಅಂದೆ.

"ಗೊತ್ತೈತಿ. ಸುಮ್ಕಿರು, ವಾರ್ತಾ ಕೇಳಾಕತ್ತೇನಿ" ಅಂದ.